ಕಮಿಲ್ಲೊನ ಮುಪ್ಪು

ಚಟ್ಟ ಹೊತ್ತವರು ಹೆಗಲು ಬದಲಿಸುತ್ತಿದ್ದಾಗ ದೊರೆಸಾನಿಯ ಮನೆಯ ಆಳು ಓಡಿಬಂದು ಅಡ್ಡ ನಿಂತ.

"ಒಂಚೂರು ಇಳಿಸ್ಬೇಕಂತೆ. ದೊರೆಸಾನಿಯವರು ಮುಖ ನೋಡ್ತಾರಂತೆ."

"ಬದುಕಿದ್ದಾಗ ಈ ಬೀದೀಗೆ ಕಾಲಿಡ್ಬೇಡ ಅಂದೋರಿಗೆ ಈಗ್ಯಾಕಪ್ಪ ಮುಖ?" ಎಂದು ಮೆನೆಗಾ ಗಂಡನ ಮೇಲಿನ ಹೊದಿಕೆಯನ್ನು ಬಿಗಿಯಾಗಿ ಹಿಡಿದಳು.

ಮೂವತ್ತೆಂಟು ವರ್ಷ ಅವಳ ಗಂಡ ಫೌಸ್ಟಿನೊ ರೊಟ್ಟಿಬುಟ್ಟಿ ಹೊತ್ತು ಬ್ರೆಶಾ ಪಟ್ಟಣವನ್ನೆಲ್ಲ ಸುತ್ತಿದ್ದ, ಈ ಒಂದು ಬೀದಿ ಬಿಟ್ಟು. ಸತ್ತ ಮೇಲಾದರೂ ನೆಟ್ಟಗೆ ಹೋಗಲಿ ಎಂದು ಮೆನೆಗಾಳೇ ಇವತ್ತು ಹಟ ಮಾಡಿ ಈ ದಾರಿ ಹಿಡಿಸಿದ್ದಳು.

"ದೊಡ್ಡೋರ ಹತ್ರ ಯಾಕಕ್ಕ ಜಗಳ? ನೋಡ್ಕೊಂಡು ಹೋಗ್ಲಿ," ಎಂದ ಚಟ್ಟ ಹೊತ್ತಿದ್ದ ಬತಿಸ್ತಾ.

"ಗೋಡೆಗೆ ನೇತುಹಾಕ್ಕೊಂಡು ನೋಡಿದ್ದು ಸಾಲ್ದೇನೋ?"

*

ಫೌಸ್ಟಿನೊಗೆ ಇಪ್ಪತ್ತಾಗಿದ್ದಾಗ ದೊರೆಸಾನಿಯ ಒಬ್ಬನೇ ಮಗ ಕಮಿಲ್ಲೊ ದೂರದ ಯುದ್ಧದಲ್ಲಿ ಸತ್ತ. ಹೆಣವೂ ಬರಲಿಲ್ಲ. ಚಿತ್ರವಾದರೂ ಇರಲೆಂದು ಆಕೆ ಚಿತ್ರಗಾರನನ್ನು ಕರೆಸಿದಳು. ಯಾರನ್ನು ನೋಡಿ ಬರೆಯುವುದು? ಕಮಿಲ್ಲೊಗೆ ಮೊಲೆಯೂಡಿಸಿದ್ದು ಫೌಸ್ಟಿನೊನ ತಾಯಿ. ಹಾಲು ಒಂದಾದರೆ ಮುಖವೂ ಒಂದೇ ಎನ್ನುವುದನ್ನು ಆ ಊರಲ್ಲಿ ವೈದ್ಯರೂ ಅನುಮಾನಿಸುತ್ತಿರಲಿಲ್ಲ. ರೊಟ್ಟಿ ಸುಡುವವನಿಗೆ ಕಪ್ಪು ಮಖಮಲ್ಲಿನ ಅಂಗಿ ತೊಡಿಸಿ, ಕೈಗೆ ಚರ್ಮದ ಗವಸು ಕೊಟ್ಟು ಕೂರಿಸಿದರು. ಎಣ್ಣೆಬಣ್ಣ ಒಣಗುವಷ್ಟರಲ್ಲಿ ದೊರೆಸಾನಿಗೆ ಅದು ಮಗನೇ ಆಗಿಬಿಟ್ಟಿತ್ತು.

"ನನ್ನ ಮಗನ ಮುಖಕ್ಕೆ ಹಿಟ್ಟು ಮೆತ್ಕೊಂಡು ಈ ಬೀದೀಲಿ ಓಡಾಡ್ಬೇಡ," ಎಂದಳು.

"ಹೆತ್ತ ಕರುಳು, ಮೆನೆಗಾ. ಹೋಗ್ಲಿ ಬಿಡು," ಎನ್ನುತ್ತಿದ್ದ ಫೌಸ್ಟಿನೊ. ಅವನದು ಅಂಥ ಜೀವ.

*

ಆಳುಗಳಿಬ್ಬರ ತೋಳು ಹಿಡಿದು ದೊರೆಸಾನಿ ಹೊರಗೆ ಬಂದಳು. ಎಂಬತ್ತರ ಮುದುಕಿ.

"ನನ್ನ ಕಮಿಲ್ಲೊ ಇಪ್ಪತ್ತರಲ್ಲೇ ನಿಂತ್ಬಿಟ್ಟಿದ್ದಾನೆ. ನಾನೊಬ್ಳೇ ಮುದುಕಿ ಆದೆ. ವಯಸ್ಸಾಗಿದ್ರೆ ಹೇಗಿರ್ತಿದ್ದ ಅಂತ ಒಂದ್ಸಲ ತೋರ್ಸಮ್ಮ."

ಇವನು ನನ್ನ ಗಂಡ, ಇವತ್ತೊಂದು ದಿನವಾದರೂ ಅವನ ಮುಖ ಅವನಿಗಿರಲಿ ಎನ್ನುವ ಮಾತು ಮೆನೆಗಾಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಮುದುಕಿಯ ಗದ್ದ ನಡುಗುತ್ತಿತ್ತು. ಮೆನೆಗಾ ಚಟ್ಟ ಇಳಿಸುವಂತೆ ಹೊತ್ತವರಿಗೆ ಸನ್ನೆ ಮಾಡಿದಳು. ಹೊದಿಕೆ ಸರಿಸಿದಳು.

ಬೋಳು ಹಣೆ, ಒಳಸೇರಿದ ಕೆನ್ನೆ, ಮೂರು ದಿನದ ಬಿಳಿಗಡ್ಡ. ದೊರೆಸಾನಿ ಒಂದೊಂದನ್ನೇ ಮುಟ್ಟಿ ನೋಡಿದಳು.

"ಹಲ್ಲು ಯಾವಾಗ ಹೋಯ್ತು?"

"ಐದು ವರ್ಷ ಆಯ್ತು."

"ಮತ್ತೆ ಊಟ?"

"ರೊಟ್ಟೀನ ಸಾರಲ್ಲಿ ನೆನೆಸಿ ಕೊಡ್ತಿದ್ದೆ."

"ಒಳ್ಳೇದು ಮಾಡ್ದೆ, ಮಗಳೇ."

ಆಳುಗಳು ತಡೆಯುವಷ್ಟರಲ್ಲಿ ದೊರೆಸಾನಿ ಚಟ್ಟದ ಪಕ್ಕ ಬೀದಿಯ ಧೂಳಲ್ಲೇ ಕುಸಿದು ಕೂತಳು. ಅಷ್ಟು ವರ್ಷ ಹೆಣವಿಲ್ಲದೆ ಅಳದೆ ಉಳಿದಿದ್ದವಳು ಬಾಯಿಬಿಟ್ಟು ಅತ್ತಳು. ಮೆನೆಗಾ ಸ್ವಲ್ಪ ಸರಿದು, ಗಂಡನ ತಲೆಯ ಹತ್ತಿರ ಅವಳಿಗೆ ಜಾಗ ಮಾಡಿಕೊಟ್ಟಳು.