ಗುತ್ತೆವ್ವ ತಟ್ಟು ಪಳಗಿಸಿದ್ದು

ಗೋವಿನಜೋಳ ತೂಗುವ ಕಾಟಾದ ಮೇಲೆ ಮಗ ನಿಲ್ಲಿಸಿದಾಗ ಗುತ್ತೆವ್ವ ಮೂವತ್ತಾರು ಕಿಲೊ ಇದ್ದಳು. ಉಟ್ಟ ಸೀರೆ, ಸೊಂಟದ ಎಲೆಯಡಿಕೆ ಚೀಲ, ಎಲ್ಲ ಸೇರಿ. ಹುಲಗೇಶ ಕೆಂಪು ಅಂಕಿಯನ್ನು ಎರಡು ಸಲ ಓದಿದ.

"ಯವ್ವಾ, ನೀ ಉಣ್ಣೂದಿಲ್ಲೇನ?"

"ಉಂಡದ್ದು ಎಲ್ಲಿ ಹೊಕ್ಕತೋ ನನಗೇನ ಗೊತ್ತು. ತಟ್ಟು ನನ್ನ ಹೊರತತೋ ಇಲ್ಲೋ, ಅದನ್ನ ಹೇಳು."

"ಹೊರತತಿ," ಅಂದ ಹುಲಗೇಶ. ಅವನ ದನಿಯಲ್ಲಿ ಸಂತೋಷವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬರೀ ದಣಿವಿತ್ತು.

ಅವರ ಮನೆ ಹತ್ತಿಮತ್ತೂರಿನ ಅಂಚಿಗೆ. ಎರಡೆಕರೆ ಹೊಲದ ಜತೆಗೆ ಹುಲಗೇಶನಿಗೆ ಇನ್ನೊಂದು ಕಸುಬಿತ್ತು. ಸವಣೂರಿನಲ್ಲಿ ಮದುವೆ ಕುದುರೆ ಸಾಕಿಕೊಂಡಿದ್ದ ಫಾರೂಕನಿಂದ ಪಳಗದ ತಟ್ಟು, ಅಂದರೆ ಎದೆಮಟ್ಟದ ಗಿಡ್ಡ ಕುದುರೆ, ಹೊಡೆದುಕೊಂಡು ಬರುತ್ತಿದ್ದ. ನಾಲ್ಕು ತಿಂಗಳು ತಿದ್ದಿ, ಮಕ್ಕಳು ಕೂರುವ ಹಾಗೆ ಮಾಡಿ ಮಾರುತ್ತಿದ್ದ. ಮಕ್ಕಳ ತಟ್ಟು ತಯಾರಾಗಬೇಕಾದರೆ ಅದರ ಬೆನ್ನ ಮೇಲೆ ಮಗುವೇ ಕೂರಬೇಕು. ಐದು ತುಂಬಿದಾಗಿನಿಂದ ಅವನ ಮಗಳು ಸಂಘಮಿತ್ರಾ ಕೂತಿದ್ದಳು. ಅದು ಕೆಲಸವೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ಆಡುತ್ತಾಳೆ ಅಂದುಕೊಂಡಿದ್ದರು.

ಹೋದ ವರ್ಷ ಒಂದು ಕರಿ ತಟ್ಟು ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಹಾಕಿತು. ಭುಜದ ಎಲುಬು ಮುರಿಯಿತು. ಒಂದೂವರೆ ತಿಂಗಳು ಕೈ ಕೊರಳಿಗೆ ನೇತಾಡಿತು. ಎಲುಬೇನೋ ಕೂಡಿತು. ಆದರೆ ಒಂಬತ್ತು ವರ್ಷದ ಆ ಹುಡುಗಿ ಶಾಲೆಗೆ ಹೋಗಲು ಮುಂದಿನ ಅಂಗಳ ಬಿಟ್ಟು ಹಿತ್ತಿಲ ಮುಳ್ಳುಬೇಲಿಯನ್ನು ನುಸುಳತೊಡಗಿದಳು. ಹೊರಗೆ ಕುದುರೆ ಸೀನಿದರೆ ಸಾಕು, ಬಾಯಿಗೆ ಹೊರಟ ತುತ್ತು ಅಲ್ಲೇ ನಿಲ್ಲುತ್ತಿತ್ತು. ಅವಳ ತಾಯಿ ಜಯಾ ಗಂಡನ ಜತೆ ಎಂಟು ದಿನ ಮಾತು ಬಿಟ್ಟಳು, ಆಮೇಲೆ ಮತ್ತೆ ಆಡಿದಳು. ಊರಿನ ತಾಯಂದಿರು ಮಾತ್ರ ಸುದ್ದಿ ಮರೆಯಲಿಲ್ಲ. ತಟ್ಟಿನ ಮೇಲೆ ಕೂರಿಸಲು ತಮ್ಮ ಮಕ್ಕಳನ್ನು ಒಬ್ಬರೂ ಕೊಡಲಿಲ್ಲ.

ಆಗಲೇ ಈ ಬೂದಿ ಬಣ್ಣದ ತಟ್ಟು ಬಂದದ್ದು. ಹುಲಗೇಶ ಅದರ ಬೆನ್ನಿಗೆ ಇಪ್ಪತ್ತು ಕಿಲೊ ಜೋಳದ ಚೀಲ ಬಿಗಿದು ಅಂಗಳ ಸುತ್ತಿಸಿದ. ಒಂದು ತಿಂಗಳಲ್ಲಿ ಅದು ಚೀಲಕ್ಕೆ ಒಗ್ಗಿತು.

"ಚೀಲ ಅಳೂದಿಲ್ಲ, ನಗೂದಿಲ್ಲ," ಅಂದಳು ಗುತ್ತೆವ್ವ ಕಟ್ಟೆಯ ಮೇಲೆ ಕೂತು. "ಚೀಲಕ್ಕ ಸವಾರಿ ಕಲಿಸಾಕತ್ತೀಯೇನ?"

"ಹೌದಬೇ, ನನಗೂ ತಿಳಿತತಿ. ನಾಳಿಂದ ಸಂಗೀನ ಕುಂಡ್ರಸ್ತೇನಿ."

ಒಳಗೆ ಸಂಘಮಿತ್ರಾ ಪುಸ್ತಕ ಓದುತ್ತಿದ್ದ ದನಿ ನಿಂತಿತು. ಗುತ್ತೆವ್ವನಿಗೆ ಅದು ಕೇಳಿಸಿತು.

"ಆಕೀನ ಬ್ಯಾಡ. ನನ್ನ ಕುಂಡ್ರಸು."

ಹುಲಗೇಶ ನಕ್ಕ. ಅವಳು ನಗಲಿಲ್ಲ. ಮರುದಿನವೇ ಕಾಟಾದ ಅಂಗಡಿಗೆ ಹೋದರು.

ಅರವತ್ತೆಂಟು ವರ್ಷದ ಹೆಂಗಸು ಮೊದಲ ಸಲ ಕುದುರೆ ಹತ್ತಿದ್ದು ಹೀಗೆ. ಕಚ್ಚೆ ಹಾಕಿ ಸೀರೆ ಬಿಗಿದು, ಒರಳುಕಲ್ಲಿನ ಮೇಲೆ ನಿಂತು, ಮಗನ ಹೆಗಲು ಹಿಡಿದು ಕಾಲೆತ್ತಿದಳು. ಹತ್ತನೇ ವಯಸ್ಸಿನಿಂದ ಕಂಡವರ ಹೊಲದಲ್ಲಿ ಬಗ್ಗಿ ಕಳೆ ಕಿತ್ತ ಸೊಂಟ ಅದು, ಅಗಲವಾಗಲು ಒಪ್ಪಲಿಲ್ಲ. ಮೊದಲ ವಾರ ಎರಡು ಸಲ ತಿಪ್ಪೆಗೆ ಬಿದ್ದಳು. ಬೀಳುವುದಾದರೆ ತಿಪ್ಪೆಯ ಕಡೆಗೇ ಬೀಳಬೇಕೆಂದು ಕಲಿತುಕೊಂಡಳು. ದಿನಾ ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಹುಲಗೇಶ ಹಗ್ಗ ಹಿಡಿದು ನಡುವೆ ನಿಲ್ಲುತ್ತಿದ್ದ. ಛತ್ರಿ ಬಿಚ್ಚುತ್ತಿದ್ದ, ಪ್ಲಾಸ್ಟಿಕ್ ಚೀಲ ಬೀಸುತ್ತಿದ್ದ, ಬೈಕಿನ ಹಾರ್ನ್ ಬಾರಿಸುತ್ತಿದ್ದ. ಅವಳು ಮೇಲೆ ಕೂತು ತಟ್ಟಿನ ಕಿವಿಗೆ ಸುಮ್ಮನೆ ಮಾತು ಸುರಿಯುತ್ತಿದ್ದಳು. ಮಂಡಿ ನೋವು, ಸೊಸೆಯ ಸಾರಿನ ಉಪ್ಪು, ಸತ್ತ ಗಂಡನ ಗೊರಕೆ. ಇಷ್ಟು ಸಹನೆಯಿಂದ ಅವಳ ಮಾತು ಯಾರೂ ಕೇಳಿರಲಿಲ್ಲ.

ಎರಡನೇ ವಾರ ಪಟಾಕಿ ಸದ್ದಿಗೆ ತಟ್ಟು ಪಕ್ಕಕ್ಕೆ ಜಿಗಿಯಿತು. ಗುತ್ತೆವ್ವ ಬೀಳಲಿಲ್ಲ. ಆದರೆ ತೊಡೆಯ ನಡುವೆ ಬಿಸಿಯಾಯಿತು. ನೀರು ಬೆನ್ನಿಗೆ ಹಾಸಿದ್ದ ಕಂಬಳಿ ದಾಟಿ ತಟ್ಟಿನ ಪಕ್ಕೆಯ ಮೇಲೆ ಇಳಿಯಿತು. ತಟ್ಟು ಮೈ ಜುಮ್ಮೆಂದು ನಡುಗಿಸಿತು, ಕುತ್ತಿಗೆ ತಿರುಗಿಸಿ ಮೂಸಿತು. ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಕಂಬಳಿ ಒಗೆಯುವ ಕೆಲಸ ತನ್ನದೆಂದಳು. ಒಮ್ಮೆ ಶುರುವಾದದ್ದು ಆಮೇಲೆ ನಿಲ್ಲಲಿಲ್ಲ. ಇಳಿದು ಬೋರಿನ ತೊಟ್ಟಿಗೆ ನಡೆಯುವಾಗ ಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡೇ ಹೋಗುತ್ತಿದ್ದಳು. ಮಗ ಅದನ್ನು ಮುದುಕಿಯ ಶಿಸ್ತು ಅಂದುಕೊಂಡ. ಕ್ರಮೇಣ ತಟ್ಟು ನಡುಗುವುದನ್ನೂ ಬಿಟ್ಟಿತು.

ಅವಳು ಹತ್ತಿದ ಮೂರನೇ ತಿಂಗಳ ಕೊನೆಯ ಭಾನುವಾರ ತಡಸದಿಂದ ಸುಭಾಸ ಬಂದ. ಹೆದ್ದಾರಿಯ ಬದಿಗೆ ಖಾನಾವಳಿ, ಅದರ ಹಿಂದೆ ಜೋಕಾಲಿ, ಜಾರುಬಂಡೆ ಇಟ್ಟ ತೋಟ ಅವನದು. ಊಟಕ್ಕೆ ನಿಂತವರ ಮಕ್ಕಳಿಗೆ ಒಂದು ತಟ್ಟು ಬೇಕಾಗಿತ್ತು. ಸಾಗಿಸಲು ಸಣ್ಣ ಲಾರಿಯನ್ನೂ ಜತೆಗೆ ತಂದಿದ್ದ. ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಕಾರಿನ ಹಾರ್ನ್ ಮೂರು ಸಲ ಒತ್ತಿದ. ತಟ್ಟು ಬಾಲ ಆಡಿಸಿತು ಅಷ್ಟೆ.

"ಆತು. ಹುಡುಗರನ್ನ ಕುಂಡ್ರಸು, ನೋಡೂನು."

"ಅವ್ವ ಕುಂಡ್ರತಾಳ್ರೀ. ಆಕಿನ ಇದನ್ನ ಪಳಗಿಸ್ಯಾಳ."

"ಏ ಮಾರಾಯಾ, ನಾ ಏನ್ ಪಿಂಚಣಿ ಮುದುಕ್ಯಾರಿಗೆ ಗಾರ್ಡನ್ ತೆಗದೇನೇನ?" ಸುಭಾಸ ಬಾಗಿಲಿನತ್ತ ಗದ್ದ ಚಾಚಿದ. "ನಿನ್ನ ಮಗಳು ನಿಂತೈತಲ್ಲ. ಅದನ್ನ ಒಂದ ಸುತ್ತು ಹಾಕಸು. ಕೂಡ್ಲೆ ಲಾರಿಗೆ ಏರಸ್ತೇನಿ."

ಹುಲಗೇಶ ತಾಯಿಯ ಕಡೆ ನೋಡಲಿಲ್ಲ. "ಸಂಗೀ, ಬಾರವ್ವ. ಒಂದ ಸುತ್ತ, ಅಷ್ಟ."

ಸಂಘಮಿತ್ರಾ ಅತ್ತಿದ್ದರೆ ಗುತ್ತೆವ್ವನಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಹುಡುಗಿ ಅಳಲಿಲ್ಲ. ಚಪ್ಪಲಿ ಬಿಟ್ಟು ಎರಡನ್ನೂ ಗೋಡೆಗೆ ಸಮನಾಗಿ ಜೋಡಿಸಿ, ಅಂಗಳಕ್ಕೆ ಇಳಿದು ಬಂದಳು. ಭುಜದ ಹಳೆಯ ಗಂಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ಹೇಳಿದಂತೆ ಕೇಳುವ ಹೆಣ್ಣಾಗಿ ಆಗಲೇ ತಯಾರಾಗಿದ್ದಳು.

ಗುತ್ತೆವ್ವ ಎದ್ದು ನಡುವೆ ಬಂದಳು.

"ಸಾವ್ಕಾರ್ರ, ನಿಮ್ಮ ತೋಟಕ್ಕ ಬರೂ ಹುಡುಗ್ರು ಏನೇನ ಮಾಡ್ತಾವು ಹೇಳ್ರಿ. ಅಷ್ಟೂ ಮಾಡಿ ತೋರಸ್ತೇನಿ. ಆಮ್ಯಾಲೆ ಬ್ಯಾಡಂದ್ರ ಬಿಡ್ರಿ."

ಸುಭಾಸನಿಗೆ ಮೋಜೆನಿಸಿತು. ಮೊಬೈಲ್ ತೆಗೆದು ಎದುರು ಹಿಡಿದ. ಅವಳು ಒರಳುಕಲ್ಲು ಹತ್ತಿ ತಟ್ಟಿನ ಮೇಲೆ ಕೂತಳು.

"ಒದಿತಾವು!"

ಗುತ್ತೆವ್ವ ಎರಡೂ ಹಿಮ್ಮಡಿಯಿಂದ ಪಕ್ಕೆಗೆ ಒದ್ದಳು. ತಟ್ಟು ನಾಲ್ಕು ಹೆಜ್ಜೆ ನಡೆದು ನಿಂತಿತು.

"ಚೀರ್ತಾವು!"

ಹೆರಿಗೆಯಲ್ಲಿ ಚೀರಿದ ಮೇಲೆ ಅವಳು ಆ ಪರಿ ಚೀರಿರಲಿಲ್ಲ. ಕೋಳಿಗಳು ಚದುರಿದವು. ಪಕ್ಕದ ಮನೆಯ ತಿಪ್ಪವ್ವ ಗೋಡೆಯ ಮೇಲೆ ಮುಖ ತೂರಿಸಿ, "ಏನಾತ ನಮ್ಮವ್ವಾ?" ಎಂದು ಕೂಗಿದಳು.

"ಏನಿಲ್ಲಬೇ, ಯಾಪಾರ ನಡದೈತಿ," ಅಂದಳು ಗುತ್ತೆವ್ವ ಮೇಲಿನಿಂದಲೇ.

"ಕಿವಿ ಜಗ್ತಾವು. ಹಿಂದ ಮುಂದ ತಿರಗಿ ಕುಂಡ್ರತಾವು."

ಕಿವಿ ಜಗ್ಗಿದಳು. ಆಮೇಲೆ ಒಂದು ಕಾಲನ್ನು ಕೈಯಿಂದಲೇ ಎತ್ತಿ, ಬಾಲದ ಕಡೆಗೆ ತಿರುಗತೊಡಗಿದಳು. ಸೊಂಟದೊಳಗೆ ಏನೋ ಕಳಚಿ ಮತ್ತೆ ಕೂತಂತಾಯಿತು. ಕಣ್ಣಿಗೆ ಕತ್ತಲು ಬಂತು. ಆ ಕತ್ತಲು ಹೋದಾಗ ಬಾಲದ ಆಚೆ ಸಂಘಮಿತ್ರಾ ಕಂಡಳು. ಭುಜದ ಮೇಲಿನ ಕೈ ಇನ್ನೂ ಅಲ್ಲೇ ಇತ್ತು.

ಸುಭಾಸ ನಗುತ್ತಲೇ ಇದ್ದ. "ಭಾರೀ ಆಯಿ! ಇನ್ನೊಂದ ಉಳಿತು ನೋಡು. ಸಣ್ಣವು ಅಂಜಿ ಉಚ್ಚಿ ಹೊಯ್ಕೋತಾವು. ನನ್ನ ಹಳೇ ತಟ್ಟು ಅದಕ್ಕ ಬೆದರಿ ಒಂದ ಹುಡುಗನ್ನ ಕೆಡವಿತ್ತು. ಅದನ್ನ ಹೆಂಗ ತೋರಸ್ತೀ? ಅದಕ್ಕರೆ ಹುಡುಗ್ರ ಬೇಕಲ್ಲ?"

ಗುತ್ತೆವ್ವ ಮಗನನ್ನು ನೋಡಿದಳು. ಗೋಡೆಯ ಮೇಲಿನ ತಿಪ್ಪವ್ವನನ್ನು ನೋಡಿದಳು.

"ಅದು ಅದಕ್ಕ ಗೊತ್ತೈತ್ರಿ," ಅಂದಳು. "ಹತ್ತ ವಾರ ಆತು, ನಾ ಅದರ ಮ್ಯಾಲೆ ಹೊಯ್ಕೊಳ್ಳಾಕತ್ತೇನಿ. ಈಗೂ ಹೊಯ್ಕೊಂಡೇನಿ. ಬೇಕಾದ್ರ ಕಂಬಳಿ ಮುಟ್ಟಿ ನೋಡ್ರಿ."

ತಟ್ಟಿನ ಪಕ್ಕೆಯಿಂದ ಹನಿ ಬಿದ್ದು ಮಣ್ಣು ಕಪ್ಪಾಗುತ್ತಿತ್ತು. ತಟ್ಟು ಹಗ್ಗದ ತುದಿ ಅಗಿಯುತ್ತ ನಿಂತಿತ್ತು. ಸುಭಾಸ ಮೊಬೈಲ್ ಕೆಳಗಿಳಿಸಿದ. ತಿಪ್ಪವ್ವನ ಮುಖ ಗೋಡೆಯಿಂದ ಮಾಯವಾಯಿತು. ಬಾವಿಕಟ್ಟೆಗೆ ಸುದ್ದಿ ಮುಟ್ಟಲು ಇನ್ನೆಷ್ಟು ಹೊತ್ತು.

"ಇಳೀ ಆಯಿ, ಸಾಕು," ಅಂದ ಸುಭಾಸ ಬೇರೆ ದನಿಯಲ್ಲಿ. "ತಗೊಂಡ ಹೊಕ್ಕೇನಿ."

ತಟ್ಟು ಲಾರಿ ಏರಿತು. ಹೊಂಡದ ನೀರು ಕಂಡರೆ ನಿಲ್ಲುತ್ತದೆ, ಹೊಡೆಯಬೇಡಿ, ಮಾತಾಡಿಸಿರಿ ಎಂದು ಗುತ್ತೆವ್ವ ಹೇಳಿದಳು. ಅವನು ತಲೆಯಾಡಿಸಿದ. ವಿಡಿಯೊ ಅಳಿಸಿದನೋ ಇಲ್ಲವೋ ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಹುಲಗೇಶ ತಾನೇ ಒಲೆ ಹೊತ್ತಿಸಿ ನೀರು ಕಾಯಿಸಿದ. ಬಚ್ಚಲಿಗೆ ಕೊಡ ಇಟ್ಟು, ಬೆನ್ನು ತಿರುಗಿಸಿ ನಿಂತ.

"ಹೇಳಬಾರ್ದೇನ ಯವ್ವಾ? ದವಾಖಾನಿಗೆ ಕರಕೊಂಡ ಹೊಕ್ಕಿದ್ದೆ."

"ಹೇಳಿದ್ರ ಇಳಸ್ತಿದ್ದಿ. ಇಳಸಿದ್ರ ಆಕೀನ ಏರಸ್ತಿದ್ದಿ."

ಅವನು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದ. ಅವಳು ಮಿಂದು ಬಂದು ಊಟಕ್ಕೆ ಕೂತಾಗ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಬೆರಳಿಂದ ನೆಲ ಕೆದಕಿದ.

"ಫಾರೂಕನ ಕಡೆ ಇನ್ನೊಂದ ಬಂದೈತಂತ. ಕೆಂದ ಬಣ್ಣದ್ದು. ಇದರಕಿಂತ ಗಿಡ್ಡ."

"ಸಂಗೀನ ಕುಂಡ್ರಸ್ತೀಯೇನ?"

"ನೀ ಇರೂತನಕ ಆಕೀನ ಯಾಕ ಕುಂಡ್ರಸ್ಲಿ?" ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ತಾಯಿಗೆ ಮಾನ ಕೊಟ್ಟೆ ಅಂತಲೇ ಅವನಿಗೆ ಅನಿಸಿರಬೇಕು.

ನೀ ಇರೂತನಕ. ಗುತ್ತೆವ್ವ ಮನಸ್ಸಿನಲ್ಲಿ ವರ್ಷ ಎಣಿಸಿದಳು. ಮೈ ತುಂಬಿದ ಹುಡುಗಿಯನ್ನು ಗಿಡ್ಡ ತಟ್ಟು ಹೊರುವುದಿಲ್ಲ. ಹನ್ನೆರಡಕ್ಕೆ ಕಾಲು ಉದ್ದವಾಗುತ್ತವೆ, ತೂಕ ತನ್ನದನ್ನೂ ಮೀರುತ್ತದೆ, ಆಮೇಲೆ ಅಪ್ಪನಿಗೆ ಆ ಮಗಳು ಉಪಯೋಗಕ್ಕಿಲ್ಲ. ಇನ್ನು ಮೂರು ವರ್ಷ. ವರ್ಷಕ್ಕೆ ಮೂರು ತಟ್ಟು. ಸೊಂಟ ತಾಳಬೇಕು, ತೂಕ ಏರಬಾರದು.

ಸಂಘಮಿತ್ರಾ ಪಕ್ಕದಲ್ಲಿ ಕೂತು ಒಂದೇ ರೊಟ್ಟಿಯನ್ನು ಚೂರು ಚೂರು ಮಾಡಿ ತಿನ್ನುತ್ತಿದ್ದಳು. ಗುತ್ತೆವ್ವ ತನ್ನ ತಾಟಿನ ರೊಟ್ಟಿ ಎತ್ತಿ, ಮೇಲೆ ಬೆಣ್ಣೆ ಸವರಿ, ಅವಳ ತಾಟಿಗೆ ಹಾಕಿದಳು.

"ಸಾಕ ಆಯಿ, ನಿನಗಿಲ್ಲ."

"ನನಗ ಹಸಿವಿಲ್ಲ. ನೀ ತಿನ್ನು."