ಮೊದಲ ಹದಿನೈದು ಸೆಕೆಂಡು

ಹರೀಶನಿಗೆ ಸ್ವಂತದ್ದೊಂದು ಡ್ರಮ್ ಸೆಟ್ ಇರಲಿಲ್ಲ. ಇದ್ದಿದ್ದರೂ ಅದನ್ನು ಇಡುವಷ್ಟು ಜಾಗ ಆನೆಕೊಂಡದ ಅವನ ಮನೆಯಲ್ಲಿ ಇರಲಿಲ್ಲ. ಎರಡೂ ಇದ್ದದ್ದು ಹರಿಹರದ ವಾಮದೇವಪ್ಪನವರ ಹತ್ತಿರ. ಅವರು ಸಿಮೆಂಟು, ಪೈಪು ಮಾರುವವರು. ಜೊತೆಗೆ ಒಂದು ಕಲಾ ವೇದಿಕೆಯ ಅಧ್ಯಕ್ಷರು. ವೇದಿಕೆಯೆಂದರೆ ಒಂದು ಲೆಟರ್‌ಹೆಡ್ಡು, ಒಂದು ರಬ್ಬರ್ ಸ್ಟ್ಯಾಂಪು, ಮತ್ತು ಯಾವುದೋ ಆರ್ಕೆಸ್ಟ್ರಾ ಮುಚ್ಚಿದಾಗ ಬಂದು ಗೋಡೌನಿನ ಮೂಲೆಯಲ್ಲಿ ಧೂಳು ಹಿಡಿಯುತ್ತಿದ್ದ ಆ ಡ್ರಮ್ ಸೆಟ್ಟು. ಗೋಡೌನಿನ ಬೀಗದ ಕೈ ಕಲಾವಿದರಿಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಹೀಗಾಗಿ ಹರೀಶ ಆರು ದಿನ ದಾವಣಗೆರೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿ, ಏಳನೆಯ ದಿನ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಸಿಮೆಂಟ್ ಚೀಲಗಳ ನಡುವೆ ಕೂತು ಬಾರಿಸುತ್ತಿದ್ದ.

ಬ್ಯಾಂಡಿನಲ್ಲಿ ಮೂರೇ ಜನ. ಗಿಟಾರ್ ನುಡಿಸುವ ಅಲ್ಲಾಬಕ್ಷ್ ಹರಿಹರದವನು, ವೆಲ್ಡಿಂಗ್ ಕೆಲಸದವನು. ಹಾಡುವವಳು ನಯನಾ, ವಾಮದೇವಪ್ಪನವರ ತಮ್ಮನ ಮಗಳು, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳಿಗೆ ಗಂಟಲೂ ಇತ್ತು, ನಾಲಿಗೆಯೂ ಇತ್ತು. ವರ್ಷಕ್ಕೂ ಮೀರಿ, ಐವತ್ತೆಂಟು ಭಾನುವಾರ ತಿದ್ದಿ ತೀಡಿ ಮೂವರೂ ಸೇರಿ ಒಂದು ರಾಕ್ ಹಾಡು ಮಾಡಿದರು. ಹೆಸರು 'ಸಿಂಗಲ್ ಫೇಸ್'. ಪಂಪು ತಿರುಗದ, ಬಲ್ಬು ಮಾತ್ರ ಮಿಣಕ್ ಎನ್ನುವ ಆ ಅರೆಬರೆ ಕರೆಂಟಿನ ಹಾಡು. ಚೆನ್ನಾಗಿತ್ತು. ಅದು ಅವರ ಅಭಿಪ್ರಾಯ ಮಾತ್ರ ಆಗಿರಲಿಲ್ಲ.

ಆ ದಿನಗಳಲ್ಲಿ ಮೊಬೈಲಿನಲ್ಲಿ ಆಡುವ ಒಂದು ರಾಕ್ ಆಟ ಹುಡುಗರ ಕೈ ಸೇರಿತ್ತು. ಹಾಡು ಓಡುತ್ತಿರುವಾಗ ಪರದೆಯ ಮೇಲಿನಿಂದ ಬಣ್ಣದ ಚುಕ್ಕಿಗಳು ಇಳಿದು ಬರುತ್ತವೆ; ಒಂದೊಂದು ಚುಕ್ಕಿಯೂ ಕೆಳಗಿನ ಗೆರೆ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಬೆರಳಿನಿಂದ ಬಡಿಯಬೇಕು. ತಾಳ ತಪ್ಪಿದರೆ ಆಟ ಮುಗಿಯಿತು. ಆಟದ ಕಂಪನಿಯವರು ಊರೂರಿನ ಬ್ಯಾಂಡುಗಳಿಂದ ಹಾಡು ಕೇಳಿದರು. ಆರಿಸಿದ ನಲವತ್ತು ಹಾಡು ಒಂದು ತಿಂಗಳು ಆಟದ ಪಟ್ಟಿಯಲ್ಲಿರುತ್ತವೆ. ತಿಂಗಳ ಕೊನೆಗೆ, ಜನ ಅತಿ ಹೆಚ್ಚು ಸಲ ಪೂರ್ತಿ ಆಡಿದ ಹತ್ತು ಹಾಡು ಕಾಯಂ ಉಳಿಯುತ್ತವೆ, ಮಿಕ್ಕ ಮೂವತ್ತು ಹೋಗುತ್ತವೆ. 'ಸಿಂಗಲ್ ಫೇಸ್' ನಲವತ್ತರಲ್ಲಿ ಒಂದಾಗಿ ಬಂತು. ಆ ಹತ್ತರಲ್ಲಿ ಉಳಿಯಬೇಕು ಎನ್ನುವುದೊಂದೇ ಹರೀಶನ ಆಸೆ. ಯಾವುದೋ ಊರಿನ, ಮುಖ ಗೊತ್ತಿಲ್ಲದ ಒಬ್ಬ, ತಾನು ಹೊಡೆದ ಜಾಗದಲ್ಲೇ ಬೆರಳು ಬಡಿಯಬೇಕು. ಅದಕ್ಕಾಗಿ ಅವನು ಹಾಡಿನ ಒಂದೊಂದು ಪೆಟ್ಟಿಗೂ ಒಂದೊಂದು ಚುಕ್ಕಿ ಇಟ್ಟು, ಆರುನೂರಕ್ಕೂ ಮೇಲಿನ ಚುಕ್ಕಿಗಳನ್ನು ಕಂಪನಿಗೆ ಬರೆದುಕೊಟ್ಟಿದ್ದ.

ಆಯ್ಕೆಯಾದ ಸುದ್ದಿಗೆ ಹರಿಹರದ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಬಿತ್ತು. ಅದರಲ್ಲಿ ವಾಮದೇವಪ್ಪನವರ ಮುಖ ಬಾಗಿಲಷ್ಟಿತ್ತು, ಬ್ಯಾಂಡಿನ ಮೂವರ ಮುಖ ಬೀಗದಷ್ಟಿತ್ತು. ಅರ್ಜಿ ವೇದಿಕೆಯ ಹೆಸರಿನಲ್ಲಿ ಹೋಗಿದ್ದರಿಂದ ಹಾಡಿನ ಕೊನೆಯ ಪ್ರತಿಯನ್ನು ಕಳಿಸುವ ಕೆಲಸ ವಾಮದೇವಪ್ಪನವರ ಮಗ ಕೊಟ್ಟೂರೇಶನದಾಯಿತು. ಹರಿಹರದ ಸುತ್ತಮುತ್ತ ಯಾವ ಸಮಾರಂಭ ನಡೆದರೂ ನಿರೂಪಣೆ ಅವನದೇ. ಮೈಕ್ ಕೈಗೆ ಬಂದರೆ ಅವನ ದನಿ ಎರಡು ಪಟ್ಟು ದಪ್ಪವಾಗುತ್ತಿತ್ತು, ಮಾತು ಮೂರು ಪಟ್ಟು ಉದ್ದವಾಗುತ್ತಿತ್ತು.

ತಿಂಗಳ ಮೊದಲ ದಿನ ಸಂಜೆ ಹರೀಶನೂ ನಯನಾಳೂ ಬಿ ಬ್ಲಾಕಿನ ಒಂದು ದೋಸೆ ಹೋಟೆಲಿನಲ್ಲಿ ಕೂತು ಆಟ ತೆರೆದರು. ಪಟ್ಟಿಯಲ್ಲಿ ಯಾವ ಹಾಡಿನ ಮೇಲೆ ಬೆರಳಿಟ್ಟರೂ ಅದರ ಹದಿನೈದು ಸೆಕೆಂಡಿನ ತುಣುಕು ಕೇಳುತ್ತದೆ. ಹಿಡಿಸಿದರೆ ಆಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗಬೇಕು. ಹರೀಶ ತಮ್ಮ ಹಾಡಿನ ಮೇಲೆ ಬೆರಳಿಟ್ಟ.

"ಆತ್ಮೀಯ ಕಲಾಭಿಮಾನಿಗಳೇ," ಎಂದಿತು ಕೊಟ್ಟೂರೇಶನ ದನಿ, ಬಾವಿಯೊಳಗಿಂದ ಬಂದಂತೆ. "ಸಹೃದಯಿಗಳೇ. ಇದೀಗ ನಿಮ್ಮ ಮುಂದೆ ಪ್ರಸ್ತುತಪಡಿಸುತ್ತಿದ್ದೇವೆ. ವೇದಿಕೆಯ ಅಧ್ಯಕ್ಷರು ಶ್ರೀ ವಾಮದೇವಪ್ಪನವರು. ಗೌರವಾಧ್ಯಕ್ಷರು ಶ್ರೀಮತಿ ಸರ್ವಮಂಗಳಮ್ಮನವರು. ಉಪಾಧ್ಯಕ್ಷರು ಶ್ರೀ—"

ಅಲ್ಲಿಗೆ ಹದಿನೈದು ಸೆಕೆಂಡು ಮುಗಿಯಿತು.

ನಯನಾ ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ಹಾಕಿದಳು. "ಗಿಟಾರ್ ಎಲ್ಲೈತೆ?"

"ಇದು ಆದ ಮೇಲೆ ಬರ್ತೈತೆ. ಇಪ್ಪತ್ತೆರಡನೇ ಸೆಕೆಂಡಿಗೆ."

"ಅಲ್ಲೀತನ ಯಾರು ಕಾಯ್ತಾರೆ? ಇದೇನು ನಮ್ಮ ದೊಡ್ಡಪ್ಪನ ಮನಿ ಗೃಹಪ್ರವೇಶನಾ?"

ಅವಳು ಅಲ್ಲಿಂದಲೇ ಕೊಟ್ಟೂರೇಶನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ತುಣುಕು ಎಷ್ಟನೇ ಸೆಕೆಂಡಿನಿಂದ ಶುರುವಾಗಬೇಕು ಎಂದು ಅರ್ಜಿಯಲ್ಲಿ ಒಂದು ಚೌಕ ಇತ್ತಂತೆ. ಕೊಟ್ಟೂರೇಶ ಅದರಲ್ಲಿ ಸೊನ್ನೆ ಬರೆದಿದ್ದ.

"ಯಾಕಣ್ಣ ಸೊನ್ನೆ?"

"ಮತ್ತೆಲ್ಲಿಂದ ಶುರು ಮಾಡ್ಬೇಕಿತ್ತು? ಕಾರ್ಯಕ್ರಮ ಅಂದ್ಮೇಲೆ ಸ್ವಾಗತ ಬ್ಯಾಡೇನು? ನಡುವಿಂದ ಶುರು ಮಾಡಾಕೆ ನಮಗೇನು ಹಿಂದಿಲ್ಲ ಮುಂದಿಲ್ಲ ಅನ್ಕೊಂಡಿಯಾ?"

ಆ ಊರಿನಲ್ಲಿ ಸ್ವಾಗತವಿಲ್ಲದೆ ಬೋರ್‌ವೆಲ್ ಕೂಡ ಕೊರೆಯುವುದಿಲ್ಲ. ಕೊಟ್ಟೂರೇಶನಿಗೆ ತಾನು ತಪ್ಪು ಮಾಡಿದ್ದೇನೆಂಬ ಸಣ್ಣ ಅನುಮಾನವೂ ಇರಲಿಲ್ಲ.

ಮೊದಲ ಐದು ದಿನದ ಲೆಕ್ಕ ಆಟದಲ್ಲೇ ಕಾಣುತ್ತಿತ್ತು. 'ಸಿಂಗಲ್ ಫೇಸ್' ತುಣುಕು ಕೇಳಿದವರು ಎಂಟುನೂರ ಹತ್ತು. ಪೂರ್ತಿ ಆಡಿದ್ದು ಒಂಬತ್ತು ಸಲ. ಅದರಲ್ಲಿ ಆರು ಹರೀಶನದೇ, ಎರಡು ಅಲ್ಲಾಬಕ್ಷನದು. ಉಳಿದ ಒಬ್ಬ ಯಾರೆಂದು ಹರೀಶ ಬಹಳ ಯೋಚಿಸಿದ. ಕೇಳಿದ ಎಂಟುನೂರ ಹತ್ತರಲ್ಲಿ ಅರ್ಧದಷ್ಟು ವಾಮದೇವಪ್ಪನವರ ಬಳಗದ್ದೇ. ಅವರು ಬೆರಳಿಡುತ್ತಿದ್ದರು, ಹೆಸರು ಕೇಳುತ್ತಿದ್ದರು, ಮುಗುಳ್ನಗುತ್ತಿದ್ದರು, ಫೋನ್ ಜೇಬಿಗಿಡುತ್ತಿದ್ದರು.

ನಯನಾ ಕಂಪನಿಗೆ ಬರೆದಳು. ಉತ್ತರ ಮರುದಿನವೇ ಬಂತು: ಮೊದಲ ಹತ್ತು ದಿನದೊಳಗೆ ಒಂದು ಸಲ, ಒಂದೇ ಸಲ, ಹಾಡನ್ನು ಬದಲಿಸಬಹುದು, ಆದರೆ ಬೇಡಿಕೆ ಅರ್ಜಿ ಕಳಿಸಿದ ವಿಳಾಸದಿಂದಲೇ ಬರಬೇಕು. ಅಂದರೆ ವಾಮದೇವಪ್ಪನವರು ಹೂಂ ಅನ್ನಬೇಕು.

"ನೀನೇ ಹೋಗು," ಎಂದಳು ನಯನಾ. "ನಾನು ಹೋದ್ರೆ ಅದು ಮನಿ ಜಗಳ ಆಗ್ತೈತೆ. ದೊಡ್ಡಪ್ಪ ನಮ್ಮಪ್ಪಗೆ ಫೋನ್ ಹಚ್ತಾನೆ, ಅಲ್ಲಿಂದ ನನ್ನ ಮದುವಿ ಮಾತಿಗೆ ಬರ್ತಾರೆ. ನೀನು ಹೋಗಿ ನೆಟ್ಟಗೆ ಹೇಳು. ಹೆಸರು ತೆಗೀರಿ ಅನ್ನು. ಎರಡೇ ಶಬ್ದ."

ಭಾನುವಾರ ಹರೀಶ ಹರಿಹರಕ್ಕೆ ಹೋದ. ವಾಮದೇವಪ್ಪನವರು ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಬಾರಪಾ ಕಲಾವಿದ. ಕೂಡ್ರು. ಚಹಾ ಕುಡೀತಿಯಾ?"

"ಬ್ಯಾಡ್ರಿ ಯಜಮಾನ್ರೆ. ಒಂದು ಮಾತಿತ್ತು."

"ಹೇಳಪಾ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಹರೀಶ ಆ ಎರಡು ಶಬ್ದಗಳನ್ನು ಬಾಯೊಳಗೆ ಹೊರಳಿಸಿಕೊಂಡೇ ಬಂದಿದ್ದ. ಈಗ ಗೋಡೌನಿನ ಬೀಗದ ಕೈ ವಾಮದೇವಪ್ಪನವರ ಬೆರಳಿನಲ್ಲಿ ತಿರುಗುತ್ತಿತ್ತು. ಅವನ ಬಾಯಿಂದ ಬಂದದ್ದು ಬೇರೆ.

"ಹಾಡಿನಾಗ ಆ ಹೆಸರು ಓದ್ಯಾರಲ್ರಿ. ಆ ಹೆಸರಿನ ವಿಷಯದಾಗ ಸ್ವಲ್ಪ ಬೇಜಾರಾಗೈತ್ರಿ."

ವಾಮದೇವಪ್ಪನವರು ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿದರು. ಮೂವತ್ತು ವರ್ಷದಲ್ಲಿ ಅವರು ಎಷ್ಟು ಸಮಾರಂಭ ಮಾಡಿದ್ದರೋ ಅಷ್ಟೂ ಸಲ ಈ ಬೇಜಾರನ್ನು ಕಂಡಿದ್ದರು. ಅದಕ್ಕೆ ಮದ್ದು ಒಂದೇ ಎಂದು ಅವರಿಗೆ ಗೊತ್ತಿತ್ತು.

"ನನಗೂ ಮನಸ್ಸಿನಾಗೆ ಚುಚ್ಚತಿತ್ತು ನೋಡು," ಎಂದರು ಮೆಲ್ಲಗೆ. "ನೀನು ಬಾಯಿ ಬಿಟ್ಟು ಹೇಳಿದ್ದು ಚಲೋ ಆತು. ಒಳಗೆ ಇಟ್ಕೊಂಡು ಹೊರಗೆ ಆಡ್ಕೊಂಬೋರೇ ಬಾಳ ಮಂದಿ."

"ಒಂದೇ ಸಲ ಬದಲಿ ಮಾಡಾಕೆ ಬರ್ತೈತಂತ್ರಿ. ಇನ್ನು ಮೂರೇ ದಿನ ಐತ್ರಿ."

"ಇವತ್ತೇ ಮಾಡಿಸ್ತೀನಿ. ನೀನು ನಿಶ್ಚಿಂತಿಯಿಂದ ಹೋಗು."

ಹರೀಶ ಅವರ ಕಾಲಿಗೆ ಬಿದ್ದು ಬಂದ. ನಯನಾಳಿಗೆ ಫೋನ್ ಮಾಡಿ, "ಹೇಳ್ದೆ, ಒಪ್ಪಿದ್ರು," ಎಂದ. ಎರಡೇ ಶಬ್ದ ಹೇಳಿದೆಯಾ ಎಂದು ಅವಳು ಕೇಳಿದಾಗ, "ಹೆಚ್ಚುಕಮ್ಮಿ ಹಂಗೇ," ಎಂದ.

ಮಂಗಳವಾರ ಮಧ್ಯಾಹ್ನ ಹಾಡು ಬದಲಾಯಿತು. ವೈಂಡಿಂಗ್ ಅಂಗಡಿಯಲ್ಲಿ ಹರೀಶ ಕೈಯ ಗ್ರೀಸ್ ಒರೆಸಿಕೊಂಡು ಪಟ್ಟಿಯ ಮೇಲೆ ಬೆರಳಿಟ್ಟ.

"ಆತ್ಮೀಯ ಕಲಾಭಿಮಾನಿಗಳೇ, ಸಹೃದಯಿಗಳೇ. ಮೊಟ್ಟಮೊದಲಿಗೆ, ಆನೆಕೊಂಡದ ಹೆಮ್ಮೆಯ ಹಿರಿಯರು, ಕಲಾಪೋಷಕರು, ಡ್ರಮ್ ವಾದಕ ಹರೀಶ್ ಅವರ ಪೂಜ್ಯ ತಂದೆಯವರಾದ ಶ್ರೀ ಸಣ್ಣಬೀರಪ್ಪನವರು. ವೇದಿಕೆಯ ಅಧ್ಯಕ್ಷರು—"

ಒಡನೆ ಕೊಟ್ಟೂರೇಶನದೇ ಫೋನ್ ಬಂತು. "ಖುಷಿನಾ? ನಿಮ್ಮಪ್ಪನ ಹೆಸರು ಬಿಟ್ಟಿದ್ದಕ್ಕೆ ನಿನಗೆ ಬೇಜಾರಂತೆ, ಅಪ್ಪಾಜಿ ಖುದ್ದು ಹೇಳಿದ್ರು. ಕೊನೀಗೆ ಸೇರ್ಸಿದ್ರೆ ತುಣುಕಿನಾಗೆ ಕೇಳಂಗಿಲ್ಲ, ಮೊದಲೇ ಹಾಕು ಅಂದ್ರು. ತಮ್ಮ ಹೆಸರಿಗಿಂತ ಮುಂದೆ ಯಾರದೂ ಹಾಕಿಸ್ದೋರಲ್ಲ ಅವ್ರು. ತಿಳ್ಕೊ."

ಹರೀಶ ತಿಳಿದುಕೊಂಡ. ಗಿಟಾರ್ ಈಗ ಮೂವತ್ತೊಂದನೇ ಸೆಕೆಂಡಿಗೆ ಹೋಗಿತ್ತು.

ಸಂಜೆ ಮನೆಗೆ ಹೋದರೆ ಅಲ್ಲಿ ಬೇರೆಯೇ ಸಡಗರ. ಸಣ್ಣಬೀರಪ್ಪ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ ಕಾದ ಮರಳಿನ ಮುಂದೆ ನಿಂತ ಮನುಷ್ಯ. ಅವನನ್ನು ಯಾರೂ ಯಾವತ್ತೂ ಶ್ರೀ ಎಂದಿರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು, ಪಕ್ಕದ ಮನೆಯ ಮಸ್ತಾನಸಾಬನ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಒಳಗಿನಿಂದ ಕೊಟ್ರವ್ವ, ಹರೀಶನ ಅವ್ವ, ಸೆರಗಿನಿಂದ ಕೈ ಒರೆಸುತ್ತ ಬಂದಳು.

"ಮತ್ತೊಂದ್ಸಲ ಹಚ್ಚು ಸಾಬ," ಎಂದ ಸಣ್ಣಬೀರಪ್ಪ. "ಇವಳೂ ಕೇಳ್ಲಿ."

"ಹದಿನೆಂಟು ಸಲ ಆತು ಮಾರಾಯ. ಇನ್ನು ನಿನ್ ಹೆಸರು ನಮ್ಮನಿ ಕೋಳಿಗೂ ಬಾಯಿಪಾಠ."

ಎಲ್ಲರೂ ನಕ್ಕರು. ಹರೀಶ ಅಪ್ಪನ ಪಕ್ಕ ಕೂತ. "ಮುಂದಕ್ಕೆ ಹಾಡು ಕೇಳ್ದೇನಪ್ಪ?"

ಸಣ್ಣಬೀರಪ್ಪ ಮಗನನ್ನು ನೋಡಿದ. "ಹಾಡು ಬ್ಯಾರೆ ಐತಾ?"

ನಯನಾಳ ಫೋನ್ ಬಂದಾಗ ಹರೀಶ ಎದ್ದು ಓಣಿಗೆ ಹೋದ. ಅವಳು ಕೂಗಲಿಲ್ಲ.

"ಏನಂತ ಹೇಳಿದ್ಯೋ ನಮ್ಮ ದೊಡ್ಡಪ್ಪಗೆ?"

ಅವನು ಹೇಳಿದ.

"ಆರುನೂರು ಪೆಟ್ಟು ಒಂದೂ ತಪ್ಪದಂಗೆ ಹೊಡ್ಯಾಕೆ ಬರ್ತೈತೆ ನಿನಗೆ. ಬಾಯಾಗ ಎರಡು ಶಬ್ದ ಬರ್ಲಿಲ್ಲ. ಅವರಿಗೆ ಹೆಸರಿನ ಹಸಿವು, ಅದು ಊರಿಗೇ ಗೊತ್ತು. ನಿನಗೇನಾಗಿತ್ತು?"

"ಗೋಡೌನ್ ಕೀಲಿ ಕೊಡದಿದ್ರೆ—"

"ಕೊಡ್ತಾರೆ. ನೀನು ಕಾಲಿಗೆ ಬೀಳ್ತೀಯಲ್ಲ, ಸಾಯೋ ತನಕ ಕೊಡ್ತಾರೆ. ನಾನು ಬರಲ್ಲ. ಬ್ಯಾರೆ ಯಾರನ್ನಾದ್ರೂ ನೋಡ್ಕೊಳ್ರಿ."

ಅವಳು ಹೇಳಿದ ಹಾಗೇ ಮಾಡಿದಳು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅಲ್ಲಾಬಕ್ಷ್ ಒಂದಷ್ಟು ಹೊತ್ತು ಗಿಟಾರ್ ಮೀಟಿ, "ಹಾಡೋರೇ ಇಲ್ಲ, ಯಾರಿಗೆ ಬಾರ್ಸೋದು ಭಾಯ್," ಎಂದು ವೆಲ್ಡಿಂಗ್ ಕೆಲಸಕ್ಕೆ ಹೋದ. ಭಾನುವಾರ ಕೆಲಸ ಸಿಗುತ್ತದೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ತಿಂಗಳು ಮುಗಿಯಿತು. ತುಣುಕು ಕೇಳಿದ ಲೆಕ್ಕದಲ್ಲಿ ನಲವತ್ತು ಹಾಡುಗಳ ಪೈಕಿ 'ಸಿಂಗಲ್ ಫೇಸ್' ಮೂರನೆಯದು, ನಾಲ್ಕು ಸಾವಿರದ ಇನ್ನೂರು ಸಲ. ಪೂರ್ತಿ ಆಡಿದ ಲೆಕ್ಕದಲ್ಲಿ ನಲವತ್ತನೆಯದು. ವಾಮದೇವಪ್ಪನವರು ಮೊದಲನೆಯ ಲೆಕ್ಕವನ್ನು ಹಿಡಿದು ಇನ್ನೊಂದು ಫ್ಲೆಕ್ಸ್ ಹಾಕಿಸಿದರು, ಸನ್ಮಾನ ಇಟ್ಟುಕೊಂಡರು, ಹರೀಶನಿಗೆ ಶಾಲು ಹೊದಿಸಿದರು. ಕೊಟ್ಟೂರೇಶ ನಿರೂಪಣೆ ಮಾಡಿದ. ಹಾರ ಹಾಕಿಸಿಕೊಂಡು ಸಣ್ಣಬೀರಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ಹಾಡನ್ನು ಅಲ್ಲಿ ಯಾರೂ ಹಚ್ಚಲಿಲ್ಲ. ಹೊತ್ತಾಗಿತ್ತು, ವಂದನಾರ್ಪಣೆ ಬಾಕಿ ಇತ್ತು. ಹರೀಶ ಶಾಲು ಹೊದ್ದುಕೊಂಡೇ ಫೋನ್ ತೆಗೆದು ಪಟ್ಟಿ ನೋಡಿದ. ಅದರಲ್ಲಿ ಹತ್ತೇ ಹಾಡು ಉಳಿದಿದ್ದವು, ಅವರದು ಇರಲಿಲ್ಲ.

ಹೋದದ್ದು ಇಷ್ಟು: ಹಾಡು ಒಂದು, ಹಾಡುವವಳು ಒಬ್ಬಳು, ಗಿಟಾರಿನವನು ಒಬ್ಬ, ಭಾನುವಾರ ಐವತ್ತೆಂಟು.