ಸತ್ತ ನಿಮಿಷಗಳು

"ಹನ್ನೊಂದು ನಿಮಿಷ ನಿಮ್ಮ ಕ್ಲಾಸು ಸತ್ತೇ ಹೋಗಿತ್ತು ಮೇಡಂ," ಎನ್ನುತ್ತ ಮಾಪನ ಕೋಶದ ನಿರ್ದೇಶಕರು ಕಂಪ್ಯೂಟರಿನ ಪರದೆಯನ್ನು ಗಣಿತದ ಮೇಡಂ ಕಡೆಗೆ ತಿರುಗಿಸಿದರು. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟೆ. ಶುರುವಿನಲ್ಲಿ ಒಂದಿಷ್ಟು ಹಸಿರು, ಕೊನೆಯಲ್ಲಿ ಒಂದು ಚೂರು ಹಸಿರು, ನಡುವೆಲ್ಲ ಮಸಿ ಬಳಿದ ಹಾಗೆ ಕಪ್ಪು. "ನೋಡಿ, ಇದು ಡೆಡ್ ಟೈಮ್. ಯಾರೂ ಕೈ ಎತ್ತಿಲ್ಲ, ಯಾರೂ ಮಾತಾಡಿಲ್ಲ. ನೀವೂ ಮಾತಾಡಿಲ್ಲ. ಕುರ್ಚಿ ಮೇಲೆ ಕೂತಿದ್ರಿ ಅಂತ ಬರೆದಿದೆ."

"ಕೂತಿದ್ದೆ. ಅವರು ಯೋಚ್ನೆ ಮಾಡ್ತಿದ್ರು."

"ಅದು ಹೇಗೆ ಗೊತ್ತಾಗುತ್ತೆ?"

"ಇಷ್ಟು ವರ್ಷದಿಂದ ಅದನ್ನೇ ನೋಡ್ತಿದೀನಿ. ಗೊತ್ತಾಗುತ್ತೆ."

"ನಿಮಗೆ ಗೊತ್ತಾಗುತ್ತೆ ಮೇಡಂ. ನಮಗೂ ಗೊತ್ತಾಗಬೇಕಲ್ಲ?" ನಿರ್ದೇಶಕರು ನಕ್ಕರು. ಅವರೇನೂ ಕೆಟ್ಟ ಮನುಷ್ಯರಲ್ಲ. ಒಂದು ಕಾಲಕ್ಕೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಸೂರಿಗೆ ದಾರ ಕಟ್ಟಿ ಕಬ್ಬಿಣದ ಗುಂಡೊಂದನ್ನು ತೂಗಿಬಿಟ್ಟು, ಅದು ತಾನಾಗಿ ನಿಲ್ಲುವ ತನಕ ಇಡೀ ತರಗತಿಯನ್ನು ಅದರ ಮುಂದೆ ಕೂರಿಸುತ್ತಿದ್ದರು. ಈಗ ಅವರಿಗೆ ತಣ್ಣನೆಯ ಕೋಣೆ, ತಿರುಗುವ ಕುರ್ಚಿ, ಗೋಡೆಯ ಮೇಲೆ ನಗುವ ವಿದ್ಯಾರ್ಥಿಗಳ ದೊಡ್ಡ ಫೋಟೋ. "ಎಂಗೇಜ್‌ಮೆಂಟ್, ಅಂದ್ರೆ ವಿದ್ಯಾರ್ಥಿಗಳು ಪಾಠದಲ್ಲಿ ಎಷ್ಟು ತೊಡಗಿಕೊಂಡ್ರು ಅನ್ನೋದಕ್ಕೆ, ನೂರಕ್ಕೆ ಮೂವತ್ತೊಂದು ಬಂದಿದೆ. ಇನ್ನೊಂದ್ಸಲ ಅಳೀತಾರೆ. ಆಗಲೂ ಐವತ್ತು ದಾಟದಿದ್ರೆ ಮೊದಲನೇ ವರ್ಷದ ಗಣಿತ ವಿಡಿಯೋ ಪಾಠಕ್ಕೆ ಹೋಗುತ್ತೆ. ನಿಮಗೆ ಆಫೀಸಲ್ಲಿ ಏನಾದ್ರೂ ಕೆಲಸ ಕೊಡ್ತಾರೆ. ನನ್ನ ಕೈಲೇನೂ ಇಲ್ಲ."

ಕೋಶದಿಂದ ಅಳೆಯುವವನು ಬಂದಿದ್ದ ದಿನ ಮೇಡಂ ಎಂದಿನಂತೆಯೇ ಪಾಠ ಮಾಡಿದ್ದರು. ಅವರ ಪಾಠದ ರೀತಿಯೇ ಬೇರೆ. ಹಲಗೆಯ ಮೇಲೆ ಒಂದೇ ಒಂದು ಪ್ರಶ್ನೆ ಬರೆದು, ಕೈಗೆ ಹತ್ತಿದ ಸುಣ್ಣದ ಪುಡಿ ಕೊಡವಿ, "ಸುಮ್ನೆ ನೋಡಿ," ಎಂದು ಕುರ್ಚಿಯಲ್ಲಿ ಕೂತುಬಿಡುವುದು. ಅದಕ್ಕೇ ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಸುಮ್ನೆ ಮೇಡಂ'. ಕೆಮ್ಮು, ಫ್ಯಾನಿನ ಸದ್ದು, ಹಾಳೆ ಹರಿಯುವ ಸದ್ದು ಬಿಟ್ಟರೆ ತರಗತಿಯಲ್ಲಿ ಬೇರೇನೂ ಕೇಳಿಸುವುದಿಲ್ಲ. ಯಾರಿಗಾದರೂ ಹೊಳೆಯುವ ತನಕ ಅವರು ಕಾಯುತ್ತಾರೆ. ಕೆಲವು ದಿನ ಯಾರಿಗೂ ಹೊಳೆಯುವುದಿಲ್ಲ. ಆಗ ಪ್ರಶ್ನೆ ಮನೆಗೆ ಹೋಗುತ್ತದೆ, ಮರುದಿನ ವಾಪಸು ಬರುತ್ತದೆ.

ಅಂದಿನ ಪ್ರಶ್ನೆ ಇದು: ಒಂದು ಕೋಣೆಯಲ್ಲಿ ಜನ ಒಬ್ಬರಿಗೊಬ್ಬರು ಕೈ ಕುಲುಕುತ್ತಾರೆ. ಯಾರು ಎಷ್ಟು ಸಲ ಬೇಕಾದರೂ ಕುಲುಕಲಿ, ಬೆಸ ಸಂಖ್ಯೆಯಷ್ಟು ಸಲ ಕುಲುಕಿದವರನ್ನು ಎಣಿಸಿದರೆ ಅವರು ಯಾವಾಗಲೂ ಸಮ ಸಂಖ್ಯೆಯಲ್ಲೇ ಇರುತ್ತಾರೆ. ಯಾಕೆ? ಅಳೆಯುವವನು ಹಿಂದಿನ ಗೋಡೆಗೆ ಒರಗಿ ಕೂತಿದ್ದ. ಅವನ ಟ್ಯಾಬಿನಲ್ಲಿ ಕೈ ಎತ್ತಿದರು, ಪ್ರಶ್ನೆ ಕೇಳಿದರು, ಪಕ್ಕದವರೊಡನೆ ಚರ್ಚಿಸಿದರು, ತಲೆಯಾಡಿಸಿದರು, ನಕ್ಕರು ಎಂದು ಒಂದೊಂದಕ್ಕೂ ಒಂದೊಂದು ಗುಂಡಿ. ಯೋಚಿಸಿದರು ಎನ್ನುವುದಕ್ಕೆ ಗುಂಡಿ ಇರಲಿಲ್ಲ. ಅವನು ಒತ್ತಲು ಏನೂ ಸಿಗದೆ ಆಕಳಿಸುತ್ತಿದ್ದ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಳ್ಳುವುದರಿಂದ ಪೆನ್ಸಿಲ್ ಎಂದೇ ಹೆಸರಾದವಳು, ತಲೆ ಎತ್ತದೆ ತನ್ನಷ್ಟಕ್ಕೇ ಹೇಳಿಕೊಂಡಂತೆ ಹೇಳಿದಳು. "ಒಂದ್ಸಲ ಕುಲುಕಿದ್ರೆ ಎರಡು ಕೈ ಖರ್ಚಾಗುತ್ತೆ. ಹಾಗಾಗಿ ಒಟ್ಟು ಲೆಕ್ಕ ಯಾವಾಗ್ಲೂ ಸಮ. ಬೆಸದೋರು ಒಂಟಿಯಾಗಿ ಉಳಿಯೋಕಾಗಲ್ಲ, ಜೊತೆಗೆ ಇನ್ನೊಬ್ರು ಬೇಕೇ ಬೇಕು." ಇಡೀ ತರಗತಿ ಹಿಡಿದಿದ್ದ ಉಸಿರು ಬಿಟ್ಟಿತು. ಆ ಸದ್ದಿಗಾಗಿಯೇ ಮೇಡಂ ಇಷ್ಟು ವರ್ಷ ಈ ಕೆಲಸ ಮಾಡಿದ್ದರು. ಅಳೆಯುವವನು 'ಒಬ್ಬ ವಿದ್ಯಾರ್ಥಿನಿ ಒಮ್ಮೆ ಮಾತನಾಡಿದಳು' ಎಂದು ಒತ್ತಿ ಎದ್ದು ಹೋದ.

ನಿರ್ದೇಶಕರು ಕರೆಸಿದ ಮರುದಿನ ಕಾರಿಡಾರಿನ ಟಿವಿಯಲ್ಲಿ ಎಲ್ಲ ತರಗತಿಗಳ ಅಂಕ ಓಡತೊಡಗಿತು. ಚೆನ್ನಾಗಿದ್ದವು ಹಸಿರು, ಪರವಾಗಿಲ್ಲ ಎನ್ನುವಂಥವು ಹಳದಿ. ಕೆಂಪು ಒಂದೇ ಒಂದು. ಸಮಾಜಶಾಸ್ತ್ರದ ಮೇಷ್ಟ್ರು ತಮ್ಮ ಹಸಿರು ಅಂಕದ ಕೆಳಗೆ ನಿಂತು, "ಒಂದು ಬಲೂನು ತಗೊಂಡು ಹೋಗಿ ಮೇಡಂ, ಆ ಕಡೆಯಿಂದ ಈ ಕಡೆ ಎಸೆದಾಡಿಸಿ. ಒಂದೇ ದಿನಕ್ಕೆ ಎಪ್ಪತ್ತು ಗ್ಯಾರಂಟಿ," ಎಂದರು. ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಟಿವಿಗೆ ಬೆನ್ನು ತಿರುಗಿಸಿ ಮನೆಗೆ ನಡೆದರು.

ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. "ಎಂಗೇಜ್‌ಮೆಂಟ್ ಆಗಿಲ್ಲ ಅಂತಾರಾ? ಮದುವೆ ಆಗಿ ಇಷ್ಟು ವರ್ಷ ಆದ್ಮೇಲೆ?" ಎಂದು ನಗಿಸಲು ನೋಡಿದರು.

"ತಮಾಷೆ ಬೇಡ ರೀ. ತಲೆ ಕೆಟ್ಟಿದೆ."

"ಅಲ್ವೇ, ಒಂದು ದಿನದ ಮಾತು ತಾನೇ? ಲೈಸೆನ್ಸ್ ಪರೀಕ್ಷೆ ದಿನ ಎಲ್ರೂ ಕನ್ನಡಿ ಸರಿ ಮಾಡ್ಕೊಂಡು, ಬೆಲ್ಟ್ ಹಾಕ್ಕೊಂಡು, ದೇವರಂಗೆ ಓಡಿಸ್ತಾರೆ. ಮಾರನೇ ದಿನ ಅವರವರ ದಾರಿ. ನೀನೂ ಅವತ್ತೊಂದು ದಿನ ನಾಲ್ಕು ಪ್ರಶ್ನೆ ಕೇಳು, ಎರಡು ಜೋಕು ಹೊಡಿ. ಕ್ಲಾಸ್ ಉಳಿಯುತ್ತೆ."

"ಅದು ಮೋಸ."

"ಮೋಸ ಅಂದ್ರೆ ಮೋಸ. ಆಫೀಸಲ್ಲಿ ಕೂತು ಅರ್ಜಿಗೆ ಮೊಹರು ಒತ್ತುತ್ತೀಯಾ?"

ಮೇಡಂ ಗಂಡನ ಕೈಯಿಂದ ಚಾಕು ಕಿತ್ತುಕೊಂಡು ಉಳಿದ ಆಲೂಗಡ್ಡೆಯನ್ನೆಲ್ಲ ತಾವೇ ಹೆಚ್ಚಿದರು. ಅಷ್ಟು ಸಣ್ಣಗೆ ಹೆಚ್ಚುವ ಅಗತ್ಯವೇ ಇರಲಿಲ್ಲ.

ಎರಡನೆಯ ಸಲ ಅಳೆಯುವವನು ಬಂದಾಗ ಮೇಡಂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಹೋದರೆ ಹೋಗಲಿ, ತನ್ನ ಪಾಠ ತನ್ನದು. ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಗಳನ್ನು ಕೂಡುತ್ತ ಹೋದರೆ ಯಾಕೆ ಪ್ರತಿ ಸಲವೂ ಒಂದು ವರ್ಗಸಂಖ್ಯೆಯೇ ಸಿಗುತ್ತದೆ ಎಂದು ಬರೆದು, "ಸುಮ್ನೆ ನೋಡಿ," ಎಂದು ತಿರುಗಿದರು. ಕೂರುವುದಕ್ಕೂ ಬಿಡಲಿಲ್ಲ. ಇಡೀ ತರಗತಿಯ ಕೈ ಮೇಲಿತ್ತು.

"ಮೇಡಂ, ಇದು ನಿತ್ಯ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಎಂದು ಮೊದಲು ಎದ್ದವನು ಕ್ಲಾಸ್ ಲೀಡರ್. ಅವನ ಪ್ರಶ್ನೆಗೆ ಅವನ ಪಕ್ಕದವನೇ ಉತ್ತರ ಕೊಟ್ಟ. ಆ ಉತ್ತರಕ್ಕೆ ಮೂರು ಜನ ತಲೆಯಾಡಿಸಿದರು, ಐದು ಜನ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬೆಂಚುಗಳು ಧಡಧಡ ತಿರುಗಿ ನಾಲ್ಕು ನಾಲ್ಕು ಜನರ ಗುಂಪಾದವು, ಗುಜುಗುಜು ಎದ್ದಿತು. ಅಳೆಯುವವನ ಬೆರಳು ಟ್ಯಾಬಿನ ಮೇಲೆ ಕುಣಿಯುತ್ತಿತ್ತು. ಮೇಡಂಗೆ ಎರಡನೆಯ ಕೈ ಎದ್ದಾಗಲೇ ಎಲ್ಲ ಅರ್ಥವಾಗಿತ್ತು. 'ಸಾಕು' ಎಂಬ ಒಂದು ಮಾತಿಗೆ ಎಲ್ಲ ನಿಲ್ಲುತ್ತಿತ್ತು. ಬದಲಿಗೆ "ಹ್ಞೂಂ, ನೀನು ಹೇಳು... ಗುಡ್, ಮತ್ತೆ ನೀನು?" ಎಂದು ಅವರೂ ಬೆರಳು ತೋರಿಸುತ್ತ ಹೋದರು. ಬೆರಳು ಪೆನ್ಸಿಲ್ ಹುಡುಗಿಯ ಕಡೆಗೂ ತಿರುಗಿತು. ಅವಳ ಕೈಯೂ ಮೇಲಿತ್ತು. ಎದ್ದು ನಿಂತು, ಕಂಠಪಾಠ ಒಪ್ಪಿಸುವವಳ ಹಾಗೆ, "ಪಾಠ ತುಂಬಾ ಆಸಕ್ತಿಕರವಾಗಿದೆ ಮೇಡಂ," ಎಂದಳು. ಹಾಗೆನ್ನುವಾಗ ಪ್ರಶ್ನೆಯ ಕಡೆಗೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ.

ಅಳೆಯುವವನು ಹೊರಗೆ ಹೋದದ್ದೇ ತಡ, ಮೇಡಂ ಬಾಗಿಲು ಹಾಕಿದರು.

"ಯಾರ ತಲೆಯಿಂದ ಬಂತು ಇದು?"

ಲೀಡರ್ ಹೆಮ್ಮೆಯಿಂದಲೇ ಎದ್ದ. "ಎಲ್ರೂ ಸೇರಿ ಮಾಡಿದ್ದು ಮೇಡಂ. ಟಿವೀಲಿ ನಿಮ್ಮ ಅಂಕ ನೋಡಿದ್ವಲ್ಲ. ಸೈಕಲ್ ಸ್ಟ್ಯಾಂಡ್ ಹತ್ರ ಪ್ರಾಕ್ಟೀಸ್ ಮಾಡ್ತಿದ್ವಿ."

"ಏನನ್ನ ಪ್ರಾಕ್ಟೀಸ್ ಮಾಡಿದ್ರಿ?"

"ಕೈ ಎತ್ತೋದನ್ನ."

"ಥೂ!" ಮೇಡಂ ಬಾಯಿಂದ ಆ ಸದ್ದು ಅಷ್ಟು ಜೋರಾಗಿ ಬಂದದ್ದನ್ನು ಆ ಕೋಣೆ ಯಾವತ್ತೂ ಕೇಳಿರಲಿಲ್ಲ. "ಕೋತಿ ಕುಣಿಸೋಕೆ ಬರ್ತೀನಾ ನಾನಿಲ್ಲಿಗೆ? ತಲೆ ಅಂತ ಒಂದಿದೆ ಅಂತ ತೋರಿಸೋಕೆ ಇಷ್ಟು ದಿನ ಒದ್ದಾಡಿದ್ದು ಇದಕ್ಕಾ? ಯಾರು ಕೇಳಿದ್ರು ನಿಮ್ಮನ್ನ? ನನ್ನ ಉಳಿಸಿ ಅಂತ ನಿಮ್ಮ ಮನೆ ಬಾಗಿಲಿಗೆ ಬಂದಿದ್ನಾ?"

ಲೀಡರ್ ಮುಖ ಸಣ್ಣದಾಯಿತು. ಆದರೂ ಕೂರಲಿಲ್ಲ. "ನೀವು ಹೋದ್ರೆ ವಿಡಿಯೋ ಬರುತ್ತೆ ಮೇಡಂ," ಎಂದ. "ವಿಡಿಯೋ ನಮಗೋಸ್ಕರ ಕಾಯಲ್ಲ."

ಮೇಡಂ ಸಿಟ್ಟಿಗೆ ಕಾಲೂರಲು ಜಾಗವಿಲ್ಲದಂತಾಯಿತು. ಬೈಯಬೇಕಾದವರು ಈ ಮಕ್ಕಳಲ್ಲ, ಬೈಯಬೇಕಾದವರು ಎರಡನೆಯ ಮಹಡಿಯ ಮಾಪನ ಕೋಶದಲ್ಲಿದ್ದಾರೆ. ಇನ್ನೊಬ್ಬರು ಇಲ್ಲೇ, 'ಸಾಕು' ಎನ್ನದೆ ಹಲಗೆಯ ಮುಂದೆ ನಿಂತಿದ್ದ ತಾವೇ. ಅವರು ಪುಸ್ತಕ ಎತ್ತಿಕೊಂಡು ಹೊರಟರು. ಬಾಗಿಲ ಬಳಿ ಪೆನ್ಸಿಲ್ ಅಡ್ಡ ಬಂದಳು.

"ನೀವು ಬರೀತಿರುವಾಗ್ಲೇ ನಂಗೆ ಏನೋ ಹೊಳೀತಿತ್ತು ಮೇಡಂ. ಮೂಲೆಗೆ ಮೂಲೆ ಸೇರಿಸ್ತಾ ಹೋಗೋ ಥರ, ಒಂದು ಚೌಕ ದೊಡ್ಡದಾಗೋ ಥರ. ಕೈ ಎತ್ತಬೇಕು ಅಂತ ಲೀಡರ್ ಸನ್ನೆ ಮಾಡ್ದ. ಎತ್ತೋ ಹೊತ್ತಿಗೆ ಹೋಯ್ತು." ಅವಳ ಕಣ್ಣಲ್ಲಿ ನೀರಿತ್ತು. "ಮತ್ತೆ ಬರುತ್ತಲ್ವಾ ಮೇಡಂ?"

"ಬರುತ್ತೆ," ಎಂದರು ಮೇಡಂ. ಬರುತ್ತದೆಂದು ಅವರಿಗೇನೂ ಖಾತ್ರಿಯಿರಲಿಲ್ಲ.

ನೇರವಾಗಿ ಎರಡನೆಯ ಮಹಡಿಗೆ ಹತ್ತಿದರು. ನಿರ್ದೇಶಕರು ಎದ್ದು ನಿಂತೇ ಸ್ವಾಗತಿಸಿದರು. "ತೊಂಬತ್ನಾಲ್ಕು ಮೇಡಂ! ಇಡೀ ವಿಶ್ವವಿದ್ಯಾಲಯಕ್ಕೇ ಮೊದಲು."

"ಅದು ಸುಳ್ಳು ಸರ್. ಹುಡುಗರು ನಾಟಕ ಆಡಿದ್ದು. ನಾನೂ ಆಡಿದೆ. ಮೂವತ್ತೊಂದೇ ನಿಜ, ಅದನ್ನೇ ಹಾಕ್ಕೊಳ್ಳಿ."

"ಗೊತ್ತು," ಎಂದರು ನಿರ್ದೇಶಕರು.

ಮೇಡಂಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಏನು ಗೊತ್ತು?"

"ನಾಟಕ ಅಂತ. ಎಲ್ಲಾ ಕ್ಲಾಸಲ್ಲೂ ಅದೇ ಮೇಡಂ, ನಿಮ್ಮಲ್ಲಿ ಸ್ವಲ್ಪ ತಡ ಆಯ್ತು ಅಷ್ಟೇ. ನಾಟಕ ಆಡೋಕೂ ತೊಡಗಿಕೊಳ್ಳಬೇಕಲ್ವಾ? ಅಂಕ ಬಂದಿದೆ, ಮೇಲಕ್ಕೆ ಹೋಗಿಯೂ ಆಗಿದೆ. ಯಾಕೆ ಬಂತು ಅಂತ ಕೇಳೋರು ಅಲ್ಲಿ ಯಾರೂ ಇಲ್ಲ." ಅವರು ದನಿ ತಗ್ಗಿಸಿದರು. "ನಿಮ್ಮದು ಇನ್ಮೇಲೆ ಮಾದರಿ ತರಗತಿ. ಸೋಮವಾರದಿಂದ ಕ್ಯಾಮೆರಾ ಇರುತ್ತೆ, ದಿನಾ ಅಂಕ ಬರುತ್ತೆ. ಐವತ್ತರ ಕೆಳಗೆ ಒಂದು ದಿನ ಹೋದ್ರೂ ವಿಡಿಯೋ ಪಾಠನೇ ಗತಿ. ಹಾಗಾಗದಂಗೆ ನೋಡ್ಕೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನಿಮ್ಮ ಗುಂಡು ಎಲ್ಲಿದೆ ಸರ್ ಈಗ? ದಾರ ಕಟ್ಟಿ ತೂಗಿಬಿಡ್ತಿದ್ರಲ್ಲ?"

ನಿರ್ದೇಶಕರು ಕಿಟಕಿಯ ಕಡೆ ನೋಡಿದರು. "ಸ್ಟೋರ್ ರೂಮಲ್ಲಿ ಇರಬೇಕು," ಎಂದರು.

ಸೋಮವಾರ ಹಲಗೆಯ ಮೇಲ್ಗಡೆ ಒಂದು ಕ್ಯಾಮೆರಾ ಕೂತಿತ್ತು. ಅದರ ಪಕ್ಕದಲ್ಲಿ ಸಣ್ಣದೊಂದು ಕೆಂಪು ದೀಪ. ಮೇಡಂ ಅದರ ಕಡೆ ನೋಡಲಿಲ್ಲ. ಸುಣ್ಣದ ಕಡ್ಡಿ ತೆಗೆದುಕೊಂಡು ಒಂದು ಚೌಕ ಬರೆದರು. ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಉಳಿದೆರಡು ಮೂಲೆಗಳ ನಡುವೆ ಇನ್ನೊಂದು ಗೆರೆ ಎಳೆದು ಮುಗಿಸುವಾಗಲೇ ಬೆನ್ನ ಹಿಂದೆ ಬಟ್ಟೆ ಸರಭರ ಎಂದಿತು. ತಿರುಗಿ ನೋಡಿದರೆ ಕೈಗಳು. ಪ್ರಶ್ನೆ ಏನೆಂದು ಇನ್ನೂ ಅವರು ಹೇಳಿಯೇ ಇರಲಿಲ್ಲ. ಮೊನ್ನೆಯ ಕೈಗಳಲ್ಲಿ ಹುಡುಗಾಟವಾದರೂ ಇತ್ತು, ಇವು ಎದ್ದದ್ದು ತಮಗೇ ಗೊತ್ತಿಲ್ಲದ ಹಾಗೆ ಎದ್ದಿದ್ದವು.

ಮೇಡಂಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಆದರೆ ಈ ಸಲ ಅವರು ಕೂಗಾಡಲಿಲ್ಲ. "ಪೆನ್ನು ಎತ್ತದೆ, ಹೋದ ಗೆರೆ ಮೇಲೆ ಮತ್ತೆ ಹೋಗದೆ ಈ ಚಿತ್ರ ಬರೆಯೋಕಾಗುತ್ತಾ? ಆಗಲ್ಲ ಅಂದ್ರೆ ಯಾಕೆ?" ಎಂದು ಕೇಳಿದರು. "ಸುಮ್ನೆ ನೋಡಿ." ಕುರ್ಚಿ ಎಳೆದುಕೊಂಡು, ಕ್ಯಾಮೆರಾಕ್ಕೆ ಸರಿಯಾಗಿ ಕಾಣುವಂತೆ ನಡುವಿಗೇ ಹಾಕಿಕೊಂಡು ಕೂತರು.

"ಮೇಡಂ, ಅಂಕ..." ಎಂದ ಲೀಡರ್, ಎತ್ತಿದ ಕೈ ಇಳಿಸದೆಯೇ.

"ಹೋಗ್ಲಿ."

"ಹೋದ್ರೆ ನೀವು..."

"ಹೋಗ್ಲಿ ಅಂದ್ನಲ್ಲ. ಇವತ್ತು ಇದನ್ನ ನೋಡು."

ಕೆಂಪು ದೀಪ ಉರಿಯುತ್ತಲೇ ಇತ್ತು. ಎತ್ತಿದ ಕೈ ಎಷ್ಟು ಹೊತ್ತು ಮೇಲಿರುತ್ತದೆ? ಮುಂದಿನ ಸಾಲಿನಲ್ಲಿ ಒಂದು ಇಳಿಯಿತು. ಅದರ ಪಕ್ಕದ್ದು ಇಳಿಯಿತು. ಯಾರೋ ಹಾಳೆ ಹರಿದರು. ಲೀಡರ್ ಒಮ್ಮೆ ಕ್ಯಾಮೆರಾ ನೋಡಿ, ಒಮ್ಮೆ ಮೇಡಂ ಮುಖ ನೋಡಿ, ನಿಧಾನವಾಗಿ ಕೈ ಇಳಿಸಿ ಪೆನ್ನು ಹುಡುಕಿದ. ಫ್ಯಾನಿನ ಸದ್ದು ಕೇಳಿಸತೊಡಗಿತು.

ಹಿಂದಿನ ಬೆಂಚಿನಲ್ಲಿ ಒಂದು ಕೈ ಮಾತ್ರ ಇನ್ನೂ ಮೇಲಿತ್ತು. ಪೆನ್ಸಿಲ್ ಹುಡುಗಿಯ ಎಡಗೈ. ಅವಳ ತಲೆ ಹಾಳೆಯ ಮೇಲೆ ಬಾಗಿತ್ತು. ಬಲಗೈ ಚೌಕದ ಒಂದೊಂದೇ ಮೂಲೆಗೆ ಹೋಗಿ, ಅಲ್ಲಿ ಬಂದು ಸೇರುವ ಗೆರೆಗಳನ್ನು ಎಣಿಸಿ, ಮುಂದಿನ ಮೂಲೆಗೆ ಸರಿಯುತ್ತಿತ್ತು. ಮೇಲಿದ್ದ ಕೈಯನ್ನು ಇಳಿಸುವುದು ಅವಳಿಗೆ ಮರೆತೇ ಹೋಗಿತ್ತು.